ಮೂರು ಓಎಸ್, ಒಂದು ಕೆಂಪು ಪರದೆ

೬ ಮಾರ್ಚ್, ಬೆಳಿಗ್ಗೆ

ಮೂರನೇ ಡಿವಿಡಿಯೂ ಹಾಳು. ನಾಲ್ಕನೆಯದು ಬೂಟ್ ಆಯಿತು. ಎಕ್ಸ್‌ಪಿ, ಸೆವೆನ್, ಲಿನಕ್ಸ್ — ಕಂಪ್ಯೂಟರ್ ನಡೆಸುವ ಮೂರು ಓಎಸ್ ಒಂದೇ ಡಿವಿಡಿಯಲ್ಲಿ. ಮೂವರು ಸವತಿಯರು ಒಂದೇ ಮನೆಯಲ್ಲಿ, ಜಗಳವಿಲ್ಲ. ಕನಕಪುರದ ಚರಿತ್ರೆಯಲ್ಲಿ ಇಂಥ ಘನಕಾರ್ಯ ಮತ್ತೊಂದಿಲ್ಲವೆಂದು ಈ ಮೂಲಕ ಘೋಷಿಸಲಾಗಿದೆ. ಪೆನ್‌ಡ್ರೈವ್ ಯಾಕಿಲ್ಲ? ನಮ್ಮ ಗಿರಾಕಿಗಳ ಮುದಿ ಕಂಪ್ಯೂಟರ್‌ಗಳು ಆನ್ ಆಗುವಾಗ ಡಿವಿಡಿಗೆ ಬಿಟ್ಟರೆ ಇನ್ನಾರಿಗೂ ಬಾಗಿಲು ತೆರೆಯವು.

ಒಂದು ಸಣ್ಣ ಸೇವೆಯನ್ನೂ ಸೇರಿಸಿದ್ದೇನೆ. ಯಾವ ಓಎಸ್ ಬೇಕೆಂದು ಕೇಳುವ ಮೆನು ಬಂದು ಹತ್ತು ಸೆಕೆಂಡ್ ಯಾರೂ ಕೀ ಒತ್ತದಿದ್ದರೆ ಪರದೆ ಕೆಂಪಗಾಗುತ್ತದೆ: ‘ನಿಮ್ಮ ಹಾರ್ಡ್ ಡಿಸ್ಕ್ ಅಳಿಸಲಾಗಿದೆ. ಮೃತರ ಆತ್ಮಕ್ಕೆ ಶಾಂತಿ.’ ಬರೀ ಚಿತ್ರ. ಏನೂ ಅಳಿಯುವುದಿಲ್ಲ. ನಮ್ಮ ಕಂಪ್ಯೂಟರ್ ರಿಪೇರಿ ಅಂಗಡಿಯ ಪಾಲುದಾರ ಕುಮಾರನಿಗೆ ಹೇಳಿಲ್ಲ. ಅವನ ಮುಖ ನೋಡಬೇಕು.

೬ ಮಾರ್ಚ್, ಸಂಜೆ, ಆಸ್ಪತ್ರೆ

ನಾನು ಊಟಕ್ಕೆ ಹೋಗಿದ್ದಾಗ ಹಾರೋಹಳ್ಳಿ ರಸ್ತೆಯ ವೇಬ್ರಿಡ್ಜ್‌ನಿಂದ ಫೋನ್. ಲಾರಿ ತೂಕದ ಕಂಪ್ಯೂಟರ್ ಕೆಟ್ಟಿದೆಯಂತೆ. ಕುಮಾರ ಆ ಡಿವಿಡಿಯನ್ನೇ ಎತ್ತಿಕೊಂಡು ಹೋದ.

ಡಿವಿಡಿ ಹಾಕಿ, ವೈರು ನೋಡಲು ಮೇಜಿನ ಕೆಳಗೆ ಬಗ್ಗಿದನಂತೆ. ಓನರ್ ಗಂಗಹನುಮಯ್ಯ ಕೆಂಪು ಪರದೆ ಓದಿದ. ಜಾಕಿ ರಾಡು ಕೈಗೆಟುಕುವಂತಿತ್ತು. ಮೊದಲು ಬೆನ್ನು. ಆಮೇಲೆ ಬಲಗೈ. ಮೂರು ಬೆರಳು ಪುಡಿ. 

೮ ಮಾರ್ಚ್

ಕುಮಾರ ತೂಕದ ಕಟ್ಟೆಯಿಂದ ಜಾರಿ ಬಿದ್ದ ಎಂದು ಪೊಲೀಸರಿಗೆ ಗಂಗಹನುಮಯ್ಯನ ಹೇಳಿಕೆ. ಅವನ ಇಬ್ಬರು ಲೋಡರ್‌ಗಳ ಸಾಕ್ಷಿ. ಕುಮಾರನ ಮಾತಿಗೆ ಸಾಕ್ಷಿ ಯಾರೂ ಇಲ್ಲ.

೯ ಮಾರ್ಚ್, ಬೆಳಿಗ್ಗೆ

ಗಂಗಹನುಮಯ್ಯನ ಫೋನ್. “ಅವ್ನು ಅಳ್ಸವ್ನೆ, ನೀನು ಬಂದು ತುಂಬ್ಸು. ಇಲ್ಲಾಂದ್ರೆ ನಿಂಗೂ ಎರಡು ಕೈ ಐತೆ ಕಣ್ಲಾ.”

ಹೋಗುತ್ತೇನೆ. ಹೊಸ ಡಿವಿಡಿ ಬರೆದೆ. ಈ ಸಲ ಹತ್ತು ಸೆಕೆಂಡ್ ಆದ ಮೇಲೆ ಚಿತ್ರವಲ್ಲ. ಕಂಪ್ಯೂಟರಿಗೆ ಸೇರಿದ್ದೆಲ್ಲ ನಿಜವಾಗಿಯೂ ಫಾರ್ಮ್ಯಾಟ್, ಪೂರ್ತಿ ಅಳಿಸಿಹೋಗುತ್ತದೆ. ಅಂತ್ಯಕ್ರಿಯೆಗೆ ಬಂಧುಮಿತ್ರರು ಬರಬೇಕಾಗಿ ವಿನಂತಿ.

೯ ಮಾರ್ಚ್, ಮಧ್ಯಾಹ್ನ

ತುಟಿ ಹರಿದಿದೆ. ಬರೆಯಬಲ್ಲೆ.

ರಾಡು ಅಲ್ಲೇ ಇತ್ತು. ತೊಳೆದಿದ್ದರು. ಮೆನು ಬಂತು. ಕೈಕಟ್ಟಿ ಕೂತೆ. ಸೆಕೆಂಡ್ ಇಳಿಯುತ್ತಿತ್ತು... ತಲೆ ಎತ್ತಿದರೆ ಮೂಲೆಯಲ್ಲಿ ಕ್ಯಾಮೆರಾ. ಅದರ ವೈರು ಇಳಿದು ಬಂದು ಇದೇ ಕಂಪ್ಯೂಟರಿಗೆ. ಕಂಪ್ಯೂಟರ್ ನಿಂತರೂ ಕ್ಯಾಮೆರಾ ತನ್ನ ಕಾರ್ಡಿಗೆ ಬರೆಯುತ್ತದೆ; ಹೊಡೆದದ್ದೆಲ್ಲ ಅದರಲ್ಲಿದೆ, ಈ ವೈರಿನ ತುದಿಯಲ್ಲಿ. ನಾನು ಸುಡಲು ಹೊರಟದ್ದು ಕುಮಾರನ ಒಬ್ಬನೇ ಸಾಕ್ಷಿಯನ್ನು.

ಲಿನಕ್ಸ್ ಒತ್ತಿದೆ; ಅದು ಏನನ್ನೂ ಅಳಿಸದೆ ಡಿವಿಡಿಯಿಂದಲೇ ಓಡುತ್ತದೆ. ಎರಡು ಸೆಕೆಂಡ್ ಉಳಿದಿತ್ತು.

ಗಂಗಹನುಮಯ್ಯನಿಗೆ ಗುರುತಿಲ್ಲದ ಪರದೆ ಬಂತು. ನನ್ನ ಕೂದಲು ಹಿಡಿದು ಮುಖವನ್ನು ಮೇಜಿಗೆ ಕುಟ್ಟಿದ. ಮತ್ತೆ ಅಳಿಸ್ತಿದೀಯಾ ಎಂದು ಕೇಳಿದ. ಇಲ್ಲಣ್ಣ, ಉಳಿಸ್ತಿದೀನಿ ಎಂದೆ. ಬಾಯಿತುಂಬ ರಕ್ತ. ಕ್ಯಾಮೆರಾದ ಫೈಲು ನನ್ನ ಪೆನ್‌ಡ್ರೈವ್‌ಗೆ ಕಾಪಿ ಆಗುವವರೆಗೂ ಕತ್ತು ಬಿಡಲಿಲ್ಲ. ಅವನ ತೂಕದ ಲೆಕ್ಕ ಪರದೆಗೆ ಬಂದಾಗ ನಕ್ಕು, ಮೊದ್ಲೇ ನೀನು ಬರ್ಬಾರ್ದಿತ್ತಾ ಎಂದ. ಸಾಕ್ಷಿಯ ಪೆನ್‌ಡ್ರೈವ್ ಕಾಲುಚೀಲದೊಳಗಿತ್ತು.

೧೦ ಮಾರ್ಚ್

ಕ್ಯಾಮೆರಾದ ವಿಡಿಯೋ ನೋಡಿದೆ. ಸದ್ದೂ ಇದೆ.

ಬೆನ್ನಿಗೆ ಏಟು ಬಿದ್ದ ಮೇಲೆ ಕುಮಾರ ಮೇಜಿನ ಕೆಳಗಿಂದ ತೆವಳಿ ಬರುತ್ತಾನೆ. ಪರದೆ ಓದುತ್ತಾನೆ. ಅರೆಗಳಿಗೆ ನಗು ಬರುತ್ತದೆ ಅವನಿಗೆ. ನನ್ನ ಭಾಷೆಯ ಗುರುತು ಸಿಕ್ಕಿದೆ.

“ಯಾವನ್ಲಾ ಇದ್ನ ಮಾಡಿದ್ದು?”

“ನಾನೇ ಕಣಣ್ಣ. ತಮಾಷೆಗೆ ಮಾಡ್ದೆ,” ಎನ್ನುತ್ತಾನೆ ಕುಮಾರ.

ಬೆರಳಿಗೆ ರಾಡು ಬಿದ್ದದ್ದು ಆಮೇಲೆ.

೧೧ ಮಾರ್ಚ್, ಪೊಲೀಸ್ ಸ್ಟೇಷನ್ ಬೆಂಚು

ಒಳಗೆ ಸಾಹೇಬರು ವಿಡಿಯೋವನ್ನು ಎರಡನೇ ಸಲ ನೋಡುತ್ತಿದ್ದಾರೆ. ಗಂಗಹನುಮಯ್ಯನನ್ನು ಕರೆತರಲು ಜೀಪು ಹೋಗಿದೆ. ಕುಮಾರ ಗೋಡೆಗೆ ಒರಗಿದ್ದಾನೆ, ಕೈ ಬ್ಯಾಂಡೇಜಿನಲ್ಲಿ. ಅವನ ಅಮ್ಮ ಶಿವಲಕ್ಷ್ಮಿ ನನ್ನ ಪಕ್ಕ. ಅವರೂ ನೋಡಿ ಬಂದರು. ಅತ್ತಿಲ್ಲ. ಮೆಲ್ಲಗೆ ಕೇಳಿದರು:

“ಹೊಟ್ಟೆಗೆ ಅನ್ನ ಹಾಕೋ ಕೆಲ್ಸದಾಗೆ ನನ್ ಮಗ ಯಾಕಪ್ಪ ಹಂಗೆ ಬರ್ದ?”

ಕುಮಾರ ನನ್ನತ್ತ ನೋಡಿ ಬೇಡ ಎಂಬಂತೆ ತಲೆಯಾಡಿಸುತ್ತಿದ್ದಾನೆ. ಅವರು ಉತ್ತರಕ್ಕೆ ಕಾಯುತ್ತಿದ್ದಾರೆ. ಪೆನ್ನು ಕೆಳಗಿಟ್ಟು ಹೇಳುತ್ತೇನೆ: ಅಮ್ಮಾ, ಅದು ಬರೆದವನು ನಾನು.