ಮೂರನೇ ಗೇರು

ಜಯಂತ್,

ನೀನು ತೀರಿಕೊಂಡ ಮೇಲೆ ನಾನೇ ಓಡಿಸುತ್ತಿರುವ ನಿನ್ನ ಎಡಗಡೆ ಸ್ಟೀರಿಂಗಿನ ಸ್ಪೋರ್ಟ್ಸ್ ಕಾರಿನ ಮೂರನೇ ಗೇರು ಕರಕರ ಎನ್ನತೊಡಗಿತ್ತು. ಇವತ್ತು ಮುಸಫ್ಫಾದ ಗ್ಯಾರೇಜಿಗೆ ಒಯ್ದೆ. ನಮ್ಮ ಹಾಗೇ ಗಲ್ಫಿಗೆ ಬಂದಿರುವ ಭಟ್ಕಳದ ಮೆಕ್ಯಾನಿಕ್ ಉಸೈದ್ ನನ್ನ ಪಕ್ಕದಲ್ಲಿ ಕೂತು ಒಂದು ಸುತ್ತು ಬಂದ. “ಅಕ್ಕಾ, ಗೇರು ಹಾಕಿದ ಮೇಲೆ ಕೈ ತೆಗೀರಿ. ಕೈಭಾರಕ್ಕೆ ಒಳಗೆಲ್ಲ ಸವೀತದೆ. ನಿಮ್ಮವರು ಹೇಳ್ಲಿಲ್ವಾ?” ಎಂದು ನಕ್ಕ.

ಹೇಳಿದ್ದೆ ನೀನು. ಕಾರು ಕೊಂಡ ಹೊಸದರಲ್ಲಿ, ಗೇರು ಹಿಡಿದಿದ್ದ ನಿನ್ನ ಕೈಮೇಲೆ ನಾನು ಕೈಯಿಟ್ಟಾಗ, “ತೆಗಿಯೇ, ಗೇರ್‌ಬಾಕ್ಸ್ ಸವೆಯುತ್ತೆ” ಎಂದಿದ್ದೆ. ಅದು ನೆಪವೆಂದುಕೊಂಡು ನಾನು ಮತ್ತೆಂದೂ ಇಡಲಿಲ್ಲ. ಆಮೇಲೆ ಹನ್ನೊಂದು ವರ್ಷ, ಗೇರು ಬದಲಿಸಿದಾಗಲೆಲ್ಲ ನೀನು ಬಲಗೈಯನ್ನು ನಮ್ಮಿಬ್ಬರ ಸೀಟುಗಳ ನಡುವೆ ಅಂಗೈ ಮೇಲಾಗಿ ಇಡುತ್ತಿದ್ದೆ. ನಾನು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದೆ.