ಕೆರೆ ಏರಿಗೆ ದೀಪ ಬಂದ ಮೇಲೆ

ಜಡಿಗೇನಹಳ್ಳಿ ಹೋಬಳಿ, ಹೊಸಕೋಟೆ ತಾಲ್ಲೂಕು
೧೪ ಡಿಸೆಂಬರ್ ೨೦೨೫

ಪ್ರೀತಿಯ ಪ್ರಮೋದಾ,

ರಾಯಚೂರಿನಲ್ಲಿ ಈಗಲಾದರೂ ಬಿಸಿಲು ತಗ್ಗಿದೆಯೇ? ನೀನೂ ನಿನ್ನ ಮಗಳೂ ಕ್ಷೇಮವೆಂದು ನಂಬಿದ್ದೇನೆ. ಈ ವಾರ ನೀನು ಎಷ್ಟು ಸಲ ಫೋನ್ ಮಾಡಿದರೂ ನಾನು ಎತ್ತಲಿಲ್ಲ. ಬೇಜಾರು ಮಾಡಿಕೊಳ್ಳಬೇಡ ಕಣೇ. ನಿನ್ನ ದನಿ ಕೇಳಿದರೆ ಅಳು ಬಂದುಬಿಡುತ್ತಿತ್ತು, ಹೇಳಬೇಕಾದ್ದು ಹಾಗೇ ಉಳಿದುಹೋಗುತ್ತಿತ್ತು. ಅದಕ್ಕೇ ಬರೆಯಲು ಕೂತಿದ್ದೇನೆ.

ಮೊದಲು ನಿಮ್ಮಪ್ಪನ ವಿಷಯ. ಕೈಯ ಕಟ್ಟು ಬಿಚ್ಚಿದ್ದಾರೆ, ಮೂಳೆ ಕೂಡಿಕೊಂಡಿದೆ. ಆದರೆ ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಅವರು ನಿನಗೆ ಹೇಳಿದ್ದು ನಿಜವಲ್ಲ. ನೀನು ಗಾಬರಿಯಾಗುತ್ತೀಯೆಂದು ನಮ್ಮ ಕೈಲೂ ಹಾಗೇ ಹೇಳಿಸಿದರು.

ದೀಪಾವಳಿ ಕಳೆದ ಮೇಲೆ ನಮ್ಮ ಕಡೆಯ ಎಲ್ಲರ ಮೊಬೈಲಿಗೂ ಒಂದು ಸುದ್ದಿ ಬರತೊಡಗಿತು. ಮಕ್ಕಳ ಕಳ್ಳರು ಬಂದಿದ್ದಾರೆ, ನೋಡಲು ನೇಪಾಳದವರ ಹಾಗಿದ್ದಾರೆ, ಹುಷಾರು ಎಂದು. ಯಾರು ಕಳಿಸಿದರೋ ತಿಳಿಯದು. ಗುಲಾಬಿ ಬೆಳೆಯುವ ಪಾಲಿಹೌಸಿನಲ್ಲಿ ಕೆಲಸಕ್ಕಿದ್ದಾನಲ್ಲ ಬಿಪುಲ್, ಅಸ್ಸಾಮಿನ ಹುಡುಗ, ಅವನು ಒಂದು ಸಂಜೆ ಕೆಲಸ ಮುಗಿಸಿ ಕೆರೆ ಏರಿಯ ಮೇಲೆ ಬರುತ್ತಿದ್ದ. ನಮ್ಮ ಓಣಿಯ ಮಮತಾಳ ಮಗಳು ಸೈಕಲ್ಲಿನಿಂದ ಬಿದ್ದು ಮಂಡಿ ತರಚಿಕೊಂಡು ಅಳುತ್ತಿದ್ದಳಂತೆ. ಇವನು ಎತ್ತಿ ಕೂರಿಸಿ, ತನ್ನ ಬಾಟಲಿಯ ನೀರಿನಿಂದ ಗಾಯ ತೊಳೆಯುತ್ತಿದ್ದ. ಆ ಕಡೆ ಹೋಗುತ್ತಿದ್ದ ಯಾರೋ ಕಂಡು ಮಕ್ಕಳ ಕಳ್ಳ ಎಂದು ಕೂಗಿದರು. ಅಷ್ಟೇ ಸಾಕಾಯಿತು. ಊರಿಗೆ ಊರೇ ಓಡಿತು.

ಹೊಡೆದವರು ಹೊರಗಿನ ಪುಂಡರು ಎಂದು ಹೇಳಲು ನನಗೂ ಆಸೆ. ಅಲ್ಲ ಪ್ರಮೋದಾ. ಡೈರಿಗೆ ಹಾಲು ಹಾಕುವವರು, ಭಜನೆಗೆ ಬರುವವರು. ಮಗು ಮಾತ್ರ, ಆ ಅಣ್ಣ ನನ್ನ ಕಾಲು ತೊಳೀತಿದ್ದ ಎಂದು ಅಳುತ್ತಲೇ ಇತ್ತಂತೆ. ಅದರ ಮಾತು ಯಾರ ಕಿವಿಗೂ ಬೀಳಲಿಲ್ಲ.

ನಿಮ್ಮಪ್ಪ ಎಮ್ಮೆ ಹೊಡೆದುಕೊಂಡು ಬರುತ್ತಿದ್ದರು. ಗುಂಪಿನೊಳಗೆ ನುಗ್ಗಿ ಆ ಹುಡುಗನ ಮೇಲೆ ಅಡ್ಡ ಮಲಗಿಬಿಟ್ಟರು. ಅವರ ಕೈ ಮುರಿದದ್ದು ಹಾಗೆ. ನಾನು ಓಡಿ ಹೋಗುವಷ್ಟರಲ್ಲಿ ಗುಂಪು ಚದುರಿತ್ತು. ಹುಡುಗನ ಕಿವಿಯಿಂದ ರಕ್ತ ಬರುತ್ತಿತ್ತು. ಪೊಲೀಸರು ಬಂದು ಕೇಳಿದರೆ, ಕತ್ತಲಾಗಿತ್ತು, ಯಾರ ಮುಖವೂ ಕಾಣಲಿಲ್ಲ ಎಂದು ಎಲ್ಲರದೂ ಒಂದೇ ಮಾತು.

ಆಸ್ಪತ್ರೆಯಲ್ಲಿ ನಿಮ್ಮಪ್ಪನನ್ನು ಕೇಳಿದೆ, ಈ ವಯಸ್ಸಿನಲ್ಲಿ ನಿಮಗೇಕೆ ಬೇಕಿತ್ತು ಎಂದು. "ನಮ್ ಕೇರಿ ಹುಡುಗ್ರುಗೆ ಹಿಂಗೇ ಹೊಡ್ದಾಗ ಯಾರೂ ಅಡ್ಡ ಬರ್ಲಿಲ್ಲ ಕಣಮ್ಮ. ಅಂಗಂತ ನಾನೂ ನೋಡ್ಕಂಡು ನಿಂತ್ಕಬೇಕಾ?" ಎಂದರು. ಆ ಮಾತು ನನ್ನನ್ನು ಸುಮ್ಮನಿರಲು ಬಿಡಲಿಲ್ಲ.

ನಮ್ಮ ಸ್ತ್ರೀಶಕ್ತಿ ಸಂಘದವರೆಲ್ಲ ಸೇರಿ ತೀರ್ಮಾನ ಮಾಡಿದೆವು. ಬಿಪುಲ್‌ನ ಚಿಕಿತ್ಸೆ ಊರಿನದು, ಅವನು ಕೆಲಸಕ್ಕೆ ಹೋಗುವವರೆಗೆ ಅವನ ತಾಯಿಗೆ ಹಣ ಕಳಿಸುವುದೂ ಊರಿನದು. ಕೆರೆ ಏರಿಗೆ ದೀಪ ಹಾಕಿಸಬೇಕು. ಭಾನುವಾರ ಶಾಲೆಯಲ್ಲಿ ಎಲ್ಲರೂ ಕೂತು ಮಾತಾಡಬೇಕು, ಬೆದರಿದ ಮಕ್ಕಳ ಜೊತೆ ಮಾತಾಡಲು ಹೊಸಕೋಟೆಯಿಂದ ಒಬ್ಬ ಮೇಡಂ ಬರಬೇಕು. ನಮ್ಮ ಬೈರೇಶ್ ತಾವೇ ಮುಂದೆ ಬಂದರು. ನನ್ನ ಗಂಡ ಇಂಥದ್ದಕ್ಕೆ ಮನೆ ಬಿಟ್ಟು ಹೊರಟವರೇ ಅಲ್ಲ, ಈ ಸಲ ಮಾತ್ರ ನಿಮ್ಮ ಕೇರಿ, ನಮ್ಮ ಓಣಿ ಎನ್ನದೆ ಚಂದಾ ಎತ್ತಲು ಮನೆಮನೆಗೆ ಹೋದರು. ಇಲ್ಲದವರು ರಾಗಿ ಕೊಟ್ಟರು, ಕಂಬದ ಗುಂಡಿ ತೋಡಿಕೊಟ್ಟರು. ಗಂಡನ ಬಗ್ಗೆ ನನಗೆ ಎಷ್ಟು ಹೆಮ್ಮೆಯಾಗಿತ್ತು ಗೊತ್ತಾ?

ಕಳೆದ ಭಾನುವಾರ ದೀಪ ಹತ್ತಿತು. ಬಿಪುಲ್‌ನನ್ನೂ ಶಾಲೆಗೆ ಕರೆದುಕೊಂಡು ಬಂದಿದ್ದೆವು. ಮಮತಾಳ ಮಗಳು ಹೂವು ಕೊಟ್ಟಳು, ಅವನು ನಕ್ಕ. ಬೈರೇಶ್ ಎದ್ದು, "ಬಾರಪ್ಪ, ಮುಂದೆ ಬಾ, ಹೆದರ್ಕೋಬೇಡ" ಎಂದರು. ಆ ಹುಡುಗ ಎರಡೂ ಕೈ ತಲೆಯ ಮೇಲೆ ಅಡ್ಡ ಹಿಡಿದು ನೆಲಕ್ಕೆ ಕುಸಿದುಬಿಟ್ಟ. ಜನ ನೋಡಿ ಹೆದರಿದ್ದಾನೆ, ಇನ್ನೂ ಸ್ವಲ್ಪ ದಿನ ಹಿಡಿಯುತ್ತೆ ಎಂದರು ಮೇಡಂ. ನಿಮ್ಮಪ್ಪ ಅವನನ್ನು ಅಪ್ಪಿಕೊಂಡು ಹೊರಗೆ ಕರೆದೊಯ್ದರು. ಸಭೆ ಮುಂದುವರಿಯಿತು.

ನಿನ್ನ ಆರೋಗ್ಯ ನೋಡಿಕೋ. ಆಸ್ಪತ್ರೆಯಲ್ಲಿ ಎಲ್ಲರಿಗೂ ಇಂಜೆಕ್ಷನ್ ಚುಚ್ಚಿ ನಿನ್ನ ಊಟ ಮರೆಯಬೇಡ. ಮಗಳಿಗೆ ನನ್ನ ಆಶೀರ್ವಾದ, ಅವಳ ಬಾಳು ತಂಪಾಗಿರಲಿ.

ನಿನ್ನ
ವಾಣಿಶ್ರೀ

ಮರೆತಿಲ್ಲ, ಬರೆಯಲು ಧೈರ್ಯ ಬಾರದೆ ಉಳಿಸಿಕೊಂಡದ್ದು:

ಆ ಹುಡುಗ ಜನರಿಗೆ ಹೆದರಿದ್ದಲ್ಲ ಪ್ರಮೋದಾ. ಅಷ್ಟೂ ಜನರ ಮುಂದೆ ನಕ್ಕವನು ಬೈರೇಶ್ ದನಿಗೆ ಹೆದರಿದ್ದು. ಮನೆಗೆ ಬಂದು ಕೇಳಿದೆ. "ಎಲ್ರೂ ಹೊಡೀತಿದ್ರು. ನನ್ ಕೈಲೂ ದೊಣ್ಣೆ ಇತ್ತು. ಲಕ್ಷ್ಮಯ್ಯ ಅಡ್ಡ ಬಿದ್ದಿದ್ದು ಕಾಣ್ಸ್ತು, ಕೈ ನಿಲ್ಲಲಿಲ್ಲ" ಎಂದರು. ನಿಮ್ಮಪ್ಪನ ಕೈ ಮುರಿದದ್ದು ನನ್ನ ಗಂಡ. ಹದಿನೈದು ವರ್ಷ ಒಂದೇ ತಟ್ಟೆಯಲ್ಲಿ ಉಂಡವರ ಮುಖ ನನಗೆ ಗುರುತೇ ಸಿಗಲಿಲ್ಲ.

ನಿಮ್ಮಪ್ಪನ ಹತ್ತಿರ ಓಡಿದೆ. ಅವರಿಗೆ ಅಂದಿನಿಂದಲೇ ಗೊತ್ತಿತ್ತು. ಗೊತ್ತಿದ್ದೂ, ಬೈರೇಶ್ ಚಂದಾ ಕೇಳಲು ಬಾಗಿಲಿಗೆ ಬಂದಾಗ ಕೂರಿಸಿ ಕಾಫಿ ಕೊಟ್ಟಿದ್ದರು. ಕ್ಷಮಿಸಿದ್ದಾರೆ, ದೊಡ್ಡ ಮನಸ್ಸು ಎಂದುಕೊಂಡು ಕಾಲು ಮುಟ್ಟಲು ಬಗ್ಗಿದೆ. ಅವರು ಹಿಂದೆ ಸರಿದರು. "ದೊಡ್ ಮನ್ಸೂ ಇಲ್ಲ, ಏನೂ ಇಲ್ಲ ಕಣಮ್ಮ. ಹೆದ್ರಿಕೆ. ಹೆಸ್ರು ಹೇಳಿದ್ರೆ ನಾಳೆ ನಮ್ ಕೇರಿ ಗತಿ ಏನು?" ಎಂದರು.

ನಾಳೆ ಬೆಳಿಗ್ಗೆ ಬೈರೇಶ್‌ನನ್ನು ಸ್ಟೇಷನ್ನಿಗೆ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ, ಒಪ್ಪಿದ್ದಾರೆ. ನಿಮ್ಮಪ್ಪ ಹೇಳಿಕೆ ಕೊಡಲು ಇನ್ನೂ ಹಿಂಜರಿಯುತ್ತಿದ್ದಾರೆ. ನಾನು ಎಷ್ಟು ಧೈರ್ಯ ಹೇಳಿದರೂ ನಾನು ಹೊಡೆದವರ ಮನೆಯವಳೇ. ಮಗಳು ಪಕ್ಕದಲ್ಲಿದ್ದರೆ ಹೇಳುತ್ತೇನೆ ಎಂದಿದ್ದಾರೆ. ನನ್ನ ಮುಖ ನೋಡದಿದ್ದರೂ ಸರಿ, ಬಾ.