ಹೆಡ್‌ಮೇಷ್ಟ್ರಿಗೆ ನಾನೇನಾಗಬೇಕು

ಏಪ್ರಿಲ್ 14, 2015, ಮಂಗಳವಾರ. ಬಾಯ್ಲ್, ಐರ್ಲೆಂಡ್.

ಬೆಳಿಗ್ಗೆಯಿಂದ ಡ್ರೈವಿಂಗ್ ಪಾಠವೇ ಪಾಠ. ಹೊಸ ಹುಡುಗಿ ತಿರುವಿನಲ್ಲಿ ಕ್ಲಚ್ ಬಿಟ್ಟು ಕಾರು ನಿಲ್ಲಿಸಿಬಿಟ್ಟಳು. ಹಿಂದೆ ಕುರಿ ತುಂಬಿದ ಟ್ರೇಲರ್. ಕುರಿಗಳೂ ಬೈದವು.

ಸಂಜೆ ಹೋಟೆಲಿನ ಹಿಂದಿನ ಕೋಣೆಯಲ್ಲಿ ‘ಹೌದು’ ಕಡೆಯವರ ಸಭೆ. ಮೇ 22ಕ್ಕೆ ಐರ್ಲೆಂಡ್ ಪೂರ್ತಿ ಮತ ಹಾಕಬೇಕು — ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗಬಹುದೋ ಇಲ್ಲವೋ. ಮನೆ ಮನೆ ಬಾಗಿಲು ತಟ್ಟಿ ಕೇಳಲು ಜನ ಬೇಕಾಗಿತ್ತು. ಒಂದು ಕೈ ಮೇಲೆದ್ದಿತು. ಅದು ನನ್ನದೇ ಅಂತ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಜೋಡಿಯಾಗಿ ಸಿಕ್ಕವಳು ಡಿಂಪ್ನಾ. ಊರಿನ ಹಳೆಯ ಹೆರಿಗೆ ನರ್ಸ್. ಎಪ್ಪತ್ತು ದಾಟಿದೆ, ದಿನಾ ಬೆಳಿಗ್ಗೆ ಚರ್ಚು ತಪ್ಪಿಸುವುದಿಲ್ಲ.

“ಇವರನ್ನೆಲ್ಲ ಲೋಕಕ್ಕೆ ತಂದೋಳು ನಾನು, ರಸ್ತೆಗೆ ತಂದೋನು ನೀನು. ನಮ್ಮ ಮುಖದ ಮೇಲೆ ಬಾಗಿಲು ಹಾಕೋ ಧೈರ್ಯ ಯಾರಿಗಿದೆ, ಮ್ಯಾಲಕಿ?”

ಮನೆಗೆ ಬಂದು ಫಿಂಟನ್‌ಗೆ ಹೇಳಿದೆ. ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದ. ಕೆಂಪು ಪೆನ್ನು ನಿಂತಿತು.

“ಜೂನ್‌ಗೆ ನನ್ನ ನಿವೃತ್ತಿ. ಶಾಲೆ ಚರ್ಚಿನದು. ಬೇಕಂದ್ರೆ ನಾಳೆನೇ ಮನೆಗೆ ಕಳಿಸಬಹುದು. ಇಷ್ಟು ವರ್ಷ ಸುಮ್ನಿದ್ದು ಈಗ ಕುಣೀಬೇಕಾ?”

“ನಿನ್ನ ಹೆಸರು ಎತ್ತಲ್ಲ.”

“ನಮ್ಮ ಬೀದಿಗೆ ಬೇಡ. ಅಟ್ರಾಕ್ಟಾ ಇರೋ ಬೀದಿಗಂತೂ ಬೇಡವೇ ಬೇಡ.”

ಅಟ್ರಾಕ್ಟಾ ಅವನ ಅಕ್ಕ. ಒಪ್ಪಿದೆ. ಊರಿನವರ ಲೆಕ್ಕದಲ್ಲಿ ನಾನು ಹೆಡ್‌ಮೇಷ್ಟ್ರ ಮನೆಯ ಮಹಡಿ ಕೋಣೆಯ ಬಾಡಿಗೆಯವನು. ಇಪ್ಪತ್ತು ವರ್ಷದ ಮೇಲಾಯಿತು. ಆ ಕೋಣೆಯಲ್ಲಿರುವುದು ಇಸ್ತ್ರಿ ಹಲಗೆ ಮತ್ತು ಈ ಡೈರಿ.

ಏಪ್ರಿಲ್ 16, ಗುರುವಾರ.

ಮೊದಲ ಸಂಜೆ. ಮೊದಲ ಬಾಗಿಲು. ತೆರೆದವಳು ನನ್ನ ಹಳೆಯ ಶಿಷ್ಯೆ, ಟೆಸ್ಟಿನಲ್ಲಿ ಫೇಲಾಗಿ ಫೇಲಾಗಿ ಪಾಸಾದವಳು.

“ಅಯ್ಯೋ ಮ್ಯಾಲಕಿ! ಕಾರಿಗೆ ಇನ್ಶೂರೆನ್ಸ್ ಕಟ್ಟಿದೀನಿ, ದೇವರಾಣೆ!”

“ಅದಕ್ಕಲ್ಲಮ್ಮ ಬಂದಿದ್ದು.” ಕಲಿತುಕೊಂಡು ಹೋದ ಮಾತೆಲ್ಲ ಎಲ್ಲಿಗೋ ಹಾರಿಹೋಯಿತು. “ಮದುವೆ ವಿಷಯ…”

“ನಿಂದಾ? ಕೊನೆಗೂ! ಹುಡುಗಿ ಯಾರು?”

ಡಿಂಪ್ನಾಗೆ ಜೋರು ಕೆಮ್ಮು ಬಂತು.

ಸಭೆಯಲ್ಲಿ ಡಬ್ಲಿನ್ನಿನಿಂದ ಬಂದಿದ್ದ ಹುಡುಗ ಹೇಳಿಕೊಟ್ಟಿದ್ದ — ವಾದ ಮಾಡಬೇಡಿ, ನಿಮ್ಮ ಕಥೆ ಹೇಳಿ. ನನ್ನ ಕಥೆ ಹೇಳುವುದಿಲ್ಲ ಅಂತ ಮನೆಯಲ್ಲಿ ಮಾತು ಕೊಟ್ಟಾಗಿದೆ. ಹಾಗಾಗಿ “ನನ್ನ ಸ್ನೇಹಿತನೊಬ್ಬ ಇದಾನೆ” ಅಂತ ಶುರು ಮಾಡಿದೆ. ಎಲ್ಲ ಬಾಗಿಲಲ್ಲೂ ಅದನ್ನೇ.

ವಾಪಸು ಬರುವಾಗ ಡಿಂಪ್ನಾ: “ನಿನ್ನ ಸ್ನೇಹಿತ ಬಲು ಓಡಾಡ್ತಾನಪ್ಪ. ಹೋದ ಕಡೆಯೆಲ್ಲ ನಮಗಿಂತ ಮುಂಚೆ ಬಂದು ನಿಂತಿರ್ತಾನೆ.”

ಚಿಪ್ಸ್ ಕೊಡಿಸಿದಳು. ವಿನೆಗರ್ ಜಾಸ್ತಿ. ಖುಷಿಯಾಗಿದ್ದೇನೆ, ಯಾಕೋ.

ಏಪ್ರಿಲ್ 21, ಮಂಗಳವಾರ.

ಒಬ್ಬ ಕರಪತ್ರ ಇಸಿದುಕೊಂಡು ನಮ್ಮೆದುರೇ ಹರಿದ. ಹರಿದ ಚೂರು ನೆಲದ ಮೇಲೆ ಬಿತ್ತು. “ಬಾಗಿಲ ಮುಂದೆ ಗಲೀಜು ಮಾಡ್ಕೋತೀಯಲ್ಲೋ, ನಿಮ್ಮಮ್ಮ ನೋಡಿದ್ರೆ ಏನನ್ನೋಳು?” ಅಂದಳು ಡಿಂಪ್ನಾ. ಪಾಪ, ಬಗ್ಗಿ ಎತ್ತಿಕೊಂಡ. ಆಮೇಲೆ ದಡಾರನೆ ಬಾಗಿಲು ಹಾಕಿದ. ಇನ್ನೊಬ್ಬ ಕೈ ಕುಲುಕಿ, “ಮುಚ್ಚುಮರೆ ಬೇಡ, ನನ್ನ ಓಟು ‘ಇಲ್ಲ’ಕ್ಕೇ. ಆದ್ರೆ ನನ್ನ ಮಗಳಿಗೆ ಡ್ರೈವಿಂಗ್ ನೀನೇ ಕಲಿಸ್ಬೇಕು” ಅಂದ. ಶನಿವಾರಕ್ಕೆ ಪಾಠ ಗೊತ್ತು ಮಾಡಿದೆ.

ಊರಾಚೆ ಬ್ಯಾಟಿಯ ಮನೆ. ಮುದುಕ, ಒಂಟಿ, ಕುರಿ ಸಾಕಿದ್ದಾನೆ. ಕೊಟ್ಟಿಗೆ ಬಾಗಿಲಿಗೆ ಒರಗಿ ಪೂರ್ತಿ ಕೇಳಿದ.

“ಯಾರಪ್ಪ ಆ ಸ್ನೇಹಿತ? ಹೆಡ್‌ಮೇಷ್ಟ್ರಾ?”

ಅವನ ಮುಖವನ್ನೇ ನೋಡಿದೆ.

“ಏನು ಹಾಗ್ ನೋಡ್ತೀಯ? ಶನಿವಾರ ಸಂತೇಲಿ ಆಲೂಗೆಡ್ಡೆ ಆರಿಸೋವಾಗ ನೀವಿಬ್ರೂ ಆಡೋ ಜಗಳ ನಾನು ನೋಡಿಲ್ವಾ? ಬಾಡಿಗೆಯವನ ಜೊತೆ ಯಾರೂ ಹಾಗೆ ಜಗಳ ಆಡಲ್ಲ ಕಣಯ್ಯಾ. ನಾನೂ ನನ್ನ ಹೆಂಡ್ತೀನೂ ಹಂಗೇ ಆಡ್ತಿದ್ವಿ. ಹೋಗ್ಬಿಟ್ಲು. ಈಗ ಯಾವ ಆಲೂಗೆಡ್ಡೆ ತಂದ್ರೂ ಕೇಳೋರಿಲ್ಲ.”

ಮೂಗು ಒರೆಸಿಕೊಂಡ. “ನನ್ನ ಓಟು ನಿಮಗೇ. ಹೋಗಿ, ಚಳಿ.”

ಕಾರಿನಲ್ಲಿ ಡಿಂಪ್ನಾಳನ್ನು ಕೇಳಿದೆ, “ನಿಂಗೂ ಗೊತ್ತಿತ್ತಾ?” ರಸ್ತೆ ನೋಡುತ್ತಲೇ, “ಎರಡನೇ ಗೇರ್ ಹಾಕು, ದಿಬ್ಬ ಬಂತು” ಎಂದಳು.

ಏಪ್ರಿಲ್ 22.

ಬ್ಯಾಟಿಯ ವಿಷಯ ಫಿಂಟನ್‌ಗೆ ಹೇಳಲಿಲ್ಲ. ಹೇಳಿದರೆ ಆಲೂಗೆಡ್ಡೆ ತಿನ್ನುವುದನ್ನೇ ಬಿಟ್ಟಾನು.

ಏಪ್ರಿಲ್ 29, ಬುಧವಾರ.



ಇನ್ನೊಂದು ಜೋಡಿಗೆ ಜ್ವರ. ಅವರ ಬೀದಿಗಳು ನಮಗೆ ಬಂದವು. ಅದರಲ್ಲಿ ಅಟ್ರಾಕ್ಟಾಳ ಬೀದಿ. ಅವಳ ಮನೆ ಬಿಟ್ಟು ಮುಂದೆ ಹೋಗೋಣ ಅಂದೆ ಡಿಂಪ್ನಾಗೆ. ತಲೆ ಬಗ್ಗಿಸಿ ದಾಟುತ್ತಿದ್ದೆವು. ಬೇಲಿಯ ಆಚೆಯಿಂದ ದನಿ.

“ನಮ್ಮನೇಲಿ ಯಾರಿಗಾದ್ರೂ ಸಿಡುಬು ಎದ್ದಿದ್ಯಾ, ಹೀಗೆ ದಾಟ್ಕೊಂಡು ಹೋಗೋಕೆ?”

ಅಟ್ರಾಕ್ಟಾ. ಕೈಯಲ್ಲಿ ಬೇಲಿ ಕತ್ತರಿಸುವ ದೊಡ್ಡ ಕತ್ತರಿ. ಡಿಂಪ್ನಾ “ನಾನು ಎದುರು ಸಾಲು ನೋಡ್ತೀನಿ” ಅಂತ ಜಾರಿಕೊಂಡಳು. ದ್ರೋಹಿ.

“ಇಪ್ಪತ್ತು ಕ್ರಿಸ್‌ಮಸ್ ನನ್ನ ಮೇಜಲ್ಲಿ ಉಂಡಿದೀಯ,” ಎಂದಳು. “ಬಾಡಿಗೆಯವನು ಅಂದ್ರಿ. ನಂಬಿದ ಹಾಗೆ ನಾನೂ ಇದ್ದೆ, ನಿಮಗೆ ಮುಜುಗರ ಆಗದಿರ್ಲಿ ಅಂತ. ಈಗ ಕಂಡೋರ ಬಾಗಿಲು ತಟ್ಟಿ ಓಟು ಕೇಳ್ತೀಯ, ನನ್ನ ಬಾಗಿಲು ಮಾತ್ರ ಬೇಡ ನಿಂಗೆ.”

“ಫಿಂಟನ್‌ಗೆ ಮಾತು ಕೊಟ್ಟಿದ್ದೆ.”

“ಅವನ ಮಾತು ಬಿಡು. ಎದುರಿಗೆ ನಿಂತಿರೋಳು ನಾನು. ನನ್ನ ತಮ್ಮನಿಗೆ ನೀನೇನಾಗ್ಬೇಕು? ಬಾಯಿಬಿಟ್ಟು ಹೇಳು.”

ಪಕ್ಕದ ಮನೆಯಾತ ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿದ. ಬೇಕೆಂದೇ.

“ಎಲ್ಲಾನೂ ಆಗ್ಬೇಕು,” ಎಂದೆ. ನನ್ನ ದನಿಯೇ ಅಲ್ಲ ಅದು. “ಅವನಿಗೆ ಹೃದಯದ ಆಪರೇಷನ್ ಆಯ್ತಲ್ಲ, ಅವತ್ತು ಆಸ್ಪತ್ರೇಲಿ ಕೇಳಿದ್ರು, ನೀನು ಯಾರು ಅಂತ. ಬಾಡಿಗೆಯವನು ಅಂದೆ. ನಿನ್ನನ್ನ ಒಳಗೆ ಬಿಟ್ರು, ನನ್ನನ್ನ ಬಿಡಲಿಲ್ಲ. ಕಾರಲ್ಲಿ ಕೂತಿದ್ದೆ, ಬೆಳಗಾಗೋ ತನಕ. ನಂಗೆ ಒಳಗೆ ಹೋಗ್ಬೇಕು, ಅಟ್ರಾಕ್ಟಾ. ನಾನು ಕೇಳ್ತಿರೋದು ಅಷ್ಟೇ.”

ಅವಳು ಕತ್ತರಿ ಕೆಳಗಿಟ್ಟಳು.

“ನನ್ನ ಓಟು ಯಾವುದಕ್ಕೆ ಅಂತ ಹೇಳಲ್ಲ. ಅದು ನನ್ನ ಮತ್ತು ದೇವರ ವಿಷಯ. ಆದ್ರೆ ಇವತ್ತು ನೀನು ನಂಗೆ ಹೇಳಿದ್ದನ್ನ ಫಿಂಟನ್‌ಗೆ ನೀನೇ ಹೇಳು. ಇಲ್ದಿದ್ರೆ ನಾನು ಹೇಳ್ತೀನಿ.”

ಏಪ್ರಿಲ್ 30.

ಹೇಳಿದೆ. ಅಕ್ಕನ ಮುಂದೆ ಬಾಯಿಬಿಟ್ಟೆ ಅನ್ನುವವರೆಗೆ ಮಾತ್ರ. ಪೂರ್ತಿ ಕೇಳಿಸಿಕೊಳ್ಳಲು ಅವನು ನಿಲ್ಲಲಿಲ್ಲ. ಕಿರುಚಲಿಲ್ಲ, ಕಿರುಚುವವನಲ್ಲ. ಸರೋವರದ ಕಡೆ ಹೋಗಿ ಬಂದ. ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಮತ್ತೆ ತೊಳೆದ. ದಿಂಬು ತೆಗೆದುಕೊಂಡು ಮಹಡಿ ಕೋಣೆಗೆ ಹೋದ, ಇಸ್ತ್ರಿ ಹಲಗೆಯ ಪಕ್ಕ ಮಲಗಲು.

ಬಾಡಿಗೆಯವನ ಕೋಣೆಯಲ್ಲಿ ಮನೆಯ ಯಜಮಾನ. ನಗು ಬರಬೇಕಿತ್ತು.

ಮೇ 5.

ಡೈರಿಯನ್ನು ಕಾರಿನಲ್ಲಿಟ್ಟುಕೊಂಡಿದ್ದೇನೆ. ಪಾಠದ ನಡುವೆ ಬರೆಯುವುದು. ಬರೆಯಲು ಏನೂ ಇಲ್ಲ. ಫಿಂಟನ್ “ಉಪ್ಪು” ಅಂದ. ಕೊಟ್ಟೆ.

ಡಿಂಪ್ನಾ ಒಬ್ಬಳೇ ಬಾಗಿಲು ತಟ್ಟುತ್ತಿದ್ದಾಳೆ. ಆ ‘ಸ್ನೇಹಿತ’ನ ಕಥೆ ಹೇಳಿಕೊಂಡು ನಿಲ್ಲಲು ನನ್ನಿಂದ ಆಗುತ್ತಿಲ್ಲ.

ಮೇ 9, ಶನಿವಾರ. ಬರೆಯಲೇಬೇಕು!

ಡಿಂಪ್ನಾ ಎಳೆದುಕೊಂಡು ಹೋದಳು. ಗಡಿಯಾರದ ಕಂಬದ ಹತ್ತಿರ ಎಲ್ಲರೂ ಸೇರಿದ್ದೆವು. ಆಚೆಯಿಂದ ಫಿಂಟನ್ ಬಂದ — ಸೂಟು, ಟೈ, ಇನ್‌ಸ್ಪೆಕ್ಟರು ಬರುವ ದಿನ ಹಾಕುವ ಬೂಟು. ನನ್ನ ಮುಂದೆ ನಿಂತ.

“ಅಕ್ಕನ ಮನೆಗೆ ಹೋಗಿದ್ದೆ, ಎಲ್ಲಾ ಹೇಳಿದ್ಲು. ಆಪರೇಷನ್ ದಿನ ನಿಂಗೆ ಪಾಠ ಇತ್ತು, ಅದಕ್ಕೇ ಬರಲಿಲ್ಲ ಅಂದಿದ್ದೆ ನೀನು.”

“ನಿಂಗೆ ಬೇಜಾರಾಗುತ್ತೆ ಅಂತ…”

“ಆರು ವರ್ಷ, ಮ್ಯಾಲಕಿ. ನೀನು ಬರಲೇ ಇಲ್ಲ ಅಂದ್ಕೊಂಡಿದ್ದೆ. ಕೇಳೋಕೆ ಧೈರ್ಯ ಬರಲಿಲ್ಲ.” ಕನ್ನಡಕ ತೆಗೆದು ಒರೆಸಿದ, ಹಾಕಿದ, ಮತ್ತೆ ತೆಗೆದ. “ಕತ್ತೆ ನೀನು.”

“ನೀನು ಹೆಡ್ ಕತ್ತೆ,” ಎಂದೆ.

ಡಿಂಪ್ನಾ ಅವನ ಕೋಟಿಗೆ ‘ಹೌದು’ ಬ್ಯಾಡ್ಜು ಚುಚ್ಚಿದಳು. ಬೆರಳಿಗೂ ಚುಚ್ಚಿಕೊಂಡಳು.

ಈ ಕೆಲಸಕ್ಕೆ ಅವನಷ್ಟು ನಾಲಾಯಕ್ ಮನುಷ್ಯ ಇನ್ನೊಬ್ಬನಿಲ್ಲ. ಕರಪತ್ರದಲ್ಲಿ ಅಲ್ಪವಿರಾಮ ತಪ್ಪಿದೆ ಅಂತ ಪೆನ್ನು ತೆಗೆದು ತಿದ್ದುತ್ತಾ ನಿಂತ. ಬಾಗಿಲು ತೆರೆದ ಆಳೆತ್ತರದ ಗಂಡಸರೆಲ್ಲ ಅವನನ್ನು ಕಂಡ ಕೂಡಲೇ ಕೈ ಹಿಂದೆ ಕಟ್ಟಿ ನೆಟ್ಟಗೆ ನಿಲ್ಲುತ್ತಾರೆ. ಒಬ್ಬ ಬಾಯಲ್ಲಿದ್ದ ಚೂಯಿಂಗ್ ಗಮ್ ನುಂಗಿಯೇಬಿಟ್ಟ.

“ನಾನು, ಮತ್ತೆ ಈ ಮ್ಯಾಲಕಿ…” ಅಂತ ಶುರು ಮಾಡಿದ ಫಿಂಟನ್. ಕಿವಿ ಕೆಂಪಗಾಯಿತು. ಶಾಲೆಯ ಮೈದಾನದುದ್ದಕ್ಕೂ ಕೇಳುವ ಗಂಟಲು, ಈಗ ಪಿಸುಮಾತು. “ನಾವಿಬ್ರೂ… ಜೊತೆಗಾರರು. ಮೊದಲಿಂದ.”

“ಗೊತ್ತು ಸರ್,” ಅಂದ ಗಮ್ ನುಂಗಿದವನು.

“ಗೊತ್ತಾ? ಗೊತ್ತಿದ್ದೋನು ಕೈ ಎತ್ಬೇಕಿತ್ತಲ್ವೇನೋ?”

ಡಿಂಪ್ನಾ ಗೇಟು ಹಿಡಿದುಕೊಂಡು ನಕ್ಕಳು. ನಾನೂ. ಕೊನೆಗೆ ಅವನೂ.

ದಿಂಬು ಮಹಡಿಯಿಂದ ಕೆಳಗಿಳಿದಿದೆ, ಡೈರಿ ಕಾರಿನಿಂದ ಮಹಡಿಗೆ ಹತ್ತಿದೆ.

ಮೇ 12.

ಪಾದ್ರಿಯ ಫೋನು, ಶಾಲೆಯ ಆಡಳಿತ ಅವರದು. ಫಿಂಟನ್ ಎದ್ದು ನಿಂತೇ ಮಾತಾಡಿದ. ನಾನು ಟವೆಲು ಹಿಂಡುತ್ತಾ ನಿಂತಿದ್ದೆ. ಒಣ ಟವೆಲು.

“ಏನಂದ್ರು?”

“ಬೀಳ್ಕೊಡುಗೆ ದಿನ ಯಾವ ಕೇಕು ಅಂತ.”

“ಅಷ್ಟೇನಾ?”

“ಮಾತು ಮುಗಿಸೋವಾಗ, ‘ಬ್ಯಾಡ್ಜು ಶಾಲೆಗೆ ಬೇಡ ಫಿಂಟನ್’ ಅಂದ್ರು. ‘ಇಲ್ಲ ಫಾದರ್, ಮನೆ ಕೋಟಿಗೆ ಮಾತ್ರ’ ಅಂದೆ.” ಕುರ್ಚಿಯ ಮೇಲೆ ಧೊಪ್ಪನೆ ಕುಳಿತ. “ಕಾಫಿ ಕೇಕು ಹೇಳಿದೀನಿ. ತಪ್ಪಾಯ್ತಾ? ನಿಂಗೆ ನಿಂಬೆಹಣ್ಣಿನದು ಇಷ್ಟ, ಅಲ್ವಾ?”

“ನನ್ನನ್ನೂ ಕರೀತೀಯಾ?”

“ಮತ್ತಿನ್ಯಾರನ್ನ ಕರೀಲಿ?”

ಮೇ 22, ಶುಕ್ರವಾರ.

ಮತ ಹಾಕಿದೆವು. ಮತಗಟ್ಟೆ ಫಿಂಟನ್‌ನ ಶಾಲೆಯಲ್ಲೇ, ಪುಟಾಣಿಗಳ ತರಗತಿಯಲ್ಲಿ. ಗೋಡೆ ತುಂಬ ಬಣ್ಣದ ಕಾಗದದ ಮೀನುಗಳು.

ಬೆಳಿಗ್ಗೆ ಸ್ಟೇಷನ್ನಿಗೆ ಡಿಂಪ್ನಾ ಜೊತೆ ಹೋಗಿದ್ದೆ. ಡಬ್ಲಿನ್ ರೈಲಿನಿಂದ ಹುಡುಗ ಹುಡುಗಿಯರು ಇಳಿದರು, ಬೆನ್ನಿಗೆ ಚೀಲ. ಓಟು ಹಾಕಲೆಂದೇ ಲಂಡನ್ನಿನಿಂದ, ಇನ್ನೆಲ್ಲಿಂದಲೋ. ಒಬ್ಬಳು ನನ್ನನ್ನು ತಬ್ಬಿಕೊಂಡು, “ಮ್ಯಾಲಕಿ, ಅಲ್ಲೂ ನಂಗೆ ರಿವರ್ಸ್ ಬರ್ತಿಲ್ಲ!” ಅಂದಳು. ಅಳು ಬಂತು ನನಗೆ. ಧೂಳು ಅಂದೆ. ಡಿಂಪ್ನಾ ಕರವಸ್ತ್ರ ಕೊಟ್ಟಳು, ಅವಳದು ಆಗಲೇ ಒದ್ದೆ.

ಸಂಜೆ ಅಟ್ರಾಕ್ಟಾ ಮತಗಟ್ಟೆಗೆ ಬಂದದ್ದು ನೋಡಿದೆ. ಭಾನುವಾರದ ಕೋಟು. ನಮ್ಮ ಕಡೆ ತಿರುಗದೆ ಒಳಗೆ ಹೋದಳು, ತಿರುಗದೆ ಹೊರಗೆ ಬಂದಳು.

ಮೇ 23, ಶನಿವಾರ. ಸಂಜೆ.

ಗೆದ್ದೆವು. ದೇಶ ‘ಹೌದು’ ಅಂದಿದೆ. ಟೀವಿಯಲ್ಲಿ ಡಬ್ಲಿನ್ನಿನ ಜನ ಹಾಡುತ್ತಿದ್ದಾರೆ, ಅಳುತ್ತಿದ್ದಾರೆ.

ಸೋತೆವು ಕೂಡ. ಇಡೀ ದೇಶದಲ್ಲಿ ‘ಇಲ್ಲ’ ಅಂದದ್ದು ನಮ್ಮ ಕ್ಷೇತ್ರ ಒಂದೇ. ಒಂದೇ ಒಂದು! ಅದೂ ಕೂದಲೆಳೆಯ ಅಂತರದಲ್ಲಿ. ಡಿಂಪ್ನಾ ಫೋನಿನಲ್ಲಿ ಗುಡುಗಿದಳು: “ನಂದೇ ತಪ್ಪು. ಹೊರಗೆ ಎಳೆಯೋವಾಗ ಇವರ ತಲೆ ಜಾಸ್ತಿ ಒತ್ತಿಬಿಟ್ಟೆ!” ಆಮೇಲೆ ಬಿಕ್ಕಿದಳು. ಆಮೇಲೆ ನಕ್ಕಳು. ಪಬ್ಬಿಗೆ ಬನ್ನಿ, ಬ್ಯಾಟಿ ಆಗಲೇ ಕೂತಿದ್ದಾನೆ ಅಂದಳು.

ಹೊರಡುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಅಟ್ರಾಕ್ಟಾ. ಕೈಯಲ್ಲಿ ಬಿಸಿ ಸೇಬಿನ ಕಡುಬು, ಬಟ್ಟೆ ಮುಚ್ಚಿದ್ದು. ಒಳಗೆ ಬರಲಿಲ್ಲ.

“ನಮ್ಮ ಊರ ಕಡೆ ‘ಇಲ್ಲ’ ಅಂತ ಗೆದ್ದೋರಿದಾರಲ್ಲ,” ಎಂದಳು, “ಅವರಲ್ಲಿ ನಾನಿಲ್ಲ. ತಟ್ಟೆ ತೊಳೆದು ವಾಪಸ್ ಕೊಡಿ.”

ಗೇಟಿನವರೆಗೆ ಹೋದವಳು ತಿರುಗಿ ಬಂದು ನನ್ನ ಗಲ್ಲ ಹಿಂಡಿ ಹೋದಳು. ನೋಯುವ ಹಾಗೆ.

ಅಡುಗೆಮನೆಗೆ ಬಂದರೆ ಫಿಂಟನ್ ನೆಲದ ಮೇಲೆ, ಮೇಜಿನ ಪಕ್ಕ. “ಏನಾದ್ರೂ ಬಿತ್ತಾ? ಇಲ್ಲ ಹೃದಯನಾ?”

“ಏನೂ ಬಿದ್ದಿಲ್ಲ ಮಾರಾಯ. ಒಂದು ಮೊಣಕಾಲು ಊರಿದೀನಿ. ಟೀವಿಲಿ ಎಲ್ಲರೂ ಹೀಗೇ ಕೇಳ್ತಿದಾರೆ. ಮಧ್ಯೆ ಬಾಯಿ ಹಾಕ್ದೆ ಪೂರ್ತಿ ಕೇಳು.”

ಪೂರ್ತಿ ಕೇಳಿದೆ. ಅಲ್ಪವಿರಾಮವೂ ತಪ್ಪದ ಒಂದೇ ವಾಕ್ಯ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನದು. “ಒಂದು ನಿಮಿಷ” ಅಂತ ಮಹಡಿಗೆ ಓಡಿ ಬಂದುಬಿಟ್ಟೆ. ಮೊದಲು ಇದನ್ನು ಬರೆದಿಡೋಣ ಅಂತ.

ಕೆಳಗಿನಿಂದ ಕೂಗುತ್ತಿದ್ದಾನೆ — “ಮ್ಯಾಲಕಿ! ಉತ್ತರ ನಿಧಾನಕ್ಕೆ ಕೊಡು, ಮೊದಲು ಬಂದು ಎತ್ತು, ಮೊಣಕಾಲು ಹಿಡ್ಕೊಂಡಿದೆ, ಏಳೋಕೆ ಆಗ್ತಿಲ್ಲ!” ಬಂದೆ ಮಾರಾಯ, ಬಂದೆ. ಎತ್ತುವುದಕ್ಕೆ ಮುಂಚೆಯೇ ಹೇಳಿಬಿಡುತ್ತೇನೆ, ಅಲ್ಲೇ, ನೆಲದ ಮೇಲೆ ಅವನ ಪಕ್ಕ ಕೂತು, ಹೌ—